ಲಂಕೆಯಲ್ಲಿ ಇವರಿಗೊಂದು ರೇಡಿಯೋ

ಆಡೂರು

ನಮ್ಮೂರ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಪುಸ್ತಕ ಕೊಡುವ, ತೆಗೆದುಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಪರದೇಶಕ್ಕೆ ಹೋಗಿಬಂದವರು ಬರೆದ ಪುಸ್ತಕಗಳು ಬಾಗಿಲ ಪಕ್ಕದ ಕಪಾಟಿನಲ್ಲಿವೆ. ಓದುಗರು ಬಾರದ ಮಧ್ಯಾಹ್ನಗಳಲ್ಲಿ ಅವನ್ನೆಲ್ಲ ಓದಿ ಮುಗಿಸಿದ್ದೇನೆ. ಹಿಮ, ಹಡಗು, ಮ್ಯೂಸಿಯಮ್ಮು, ಕಳೆದುಹೋದ ಪಾಸ್‌ಪೋರ್ಟು ಎಲ್ಲವೂ ಅಲ್ಲಿವೆ. ಗಂಡನಿಗೊಂದು ರೇಡಿಯೋ ಹುಡುಕುತ್ತ ಪರದೇಶದ ಸಂತೆ ಸುತ್ತಿದ ಹೆಂಗಸಿನ ಕಥೆ ಮಾತ್ರ ಸಿಗಲಿಲ್ಲ. ಅದಕ್ಕೇ ನನ್ನದನ್ನು ಬರೆಯುತ್ತಿದ್ದೇನೆ.

ನನ್ನ ಗಂಡ ಫಕೀರಪ್ಪ ಪಂಚಾಯ್ತಿಯ ನೀರುಗಂಟಿ. ನಸುಕಿನಲ್ಲಿ ಎದ್ದು ಪಂಪ್‌ಹೌಸಿಗೆ ಹೋಗಿ ಮೋಟರ್ ಚಾಲೂ ಮಾಡಬೇಕು, ಟಾಕಿ ತುಂಬುವವರೆಗೆ ಕಾಯಬೇಕು, ಆಮೇಲೆ ಓಣಿ ಓಣಿಯ ವಾಲ್ವ್ ತಿರುಗಿಸಿ ನೀರು ಬಿಡಬೇಕು. ಆ ಕಾಯುವ ಹೊತ್ತಿಗೆ ಅವರ ಬಳಿ ಒಂದು ರೇಡಿಯೋ ಇತ್ತು. ಚರ್ಮದ ಕವಚ ಹರಿದಿತ್ತು, ಮುರಿದ ಏರಿಯಲ್‌ಗೆ ಸೈಕಲ್ಲಿನ ಕಡ್ಡಿ ಬಿಗಿದಿದ್ದರು. ಮೋಟರಿನ ಹತ್ತಿರ ಕುಳಿತರೆ ರೇಡಿಯೋ ಗುರ್ ಅನ್ನುತ್ತದೆಂದು ಅಷ್ಟು ದೂರದ ಬೇವಿನ ಮರದ ಬುಡಕ್ಕೆ ಹೋಗಿ, ಶಾರ್ಟ್‌ವೇವ್‌ಗೆ ಹಾಕಿ, ದೂರದ ದೇಶಗಳ ನಿಲಯಗಳನ್ನು ಹುಡುಕುತ್ತಿದ್ದರು. ಮನೆಗೆ ಬಂದು ಒಲೆಯ ಮುಂದೆ ಕುಳಿತು ನನಗೆ ವರದಿ ಒಪ್ಪಿಸುತ್ತಿದ್ದರು. “ಚೀನಾದಾಗ ಇವತ್ತ ಭಾರೀ ಮಳಿಯಂತ. ಹೆಣಮಗಳು ಹಿಂದಿಯೊಳಗ ಹೇಳಾಕತ್ತಿದ್ಲು.” ರೊಟ್ಟಿ ಬಡಿಯುತ್ತಿದ್ದ ನಾನು ಹೂಂ ಅನ್ನುತ್ತಿದ್ದೆ.

ಮೂರು ವರ್ಷದ ಹಿಂದೆ ನಾನೊಂದು ಕೆಲಸ ಮಾಡಿದೆ. ಹಳೆಯ ಸಾಮಾನು ತಗೊಂಡು ಸ್ಟೀಲಿನ ಪಾತ್ರೆ ಕೊಡುವಾಕೆ ಓಣಿಗೆ ಬಂದಿದ್ದಳು. ಕೆಟ್ಟ ಫ್ಯಾನೊಂದನ್ನು ಕೊಡುವಾಗ ಗೂಟಕ್ಕೆ ತೂಗುಹಾಕಿದ್ದ ರೇಡಿಯೋ ಕಣ್ಣಿಗೆ ಬಿತ್ತು. ವಾರದಿಂದ ಅದು ಅಲ್ಲೇ ಇತ್ತು. ಸ್ವಿಚ್ ತಿರುಗಿಸಿ ನೋಡಿದೆ, ಉಸಿರಿಲ್ಲ. ಸತ್ತಿದೆ ಎಂದುಕೊಂಡು ಅದನ್ನೂ ಕೊಟ್ಟು, ಒಂದು ಜರಡಿ ತಗೊಂಡೆ.

ಸಂಜೆ ಇವರು ಗೂಟ ನೋಡಿದರು. ನಾನು ಹೇಳಿದೆ. “ಹೋಗ್ಲಿ ಬಿಡು” ಎಂದರು. ಅದೇ ಕೊನೆ. ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ಆದರೆ ಒಲೆಯ ಮುಂದಿನ ವರದಿಯೂ ನಿಂತಿತು. ಅದು ನಿಂತಿದೆ ಎಂಬುದು ನನಗೆ ತಿಳಿಯಲು ಎರಡು ತಿಂಗಳು ಬೇಕಾಯಿತು.

ತಿಳಿದ ಮೇಲೆ ಹಾನಗಲ್ಲು, ಹಾವೇರಿ, ಕೊನೆಗೆ ಹುಬ್ಬಳ್ಳಿಯ ಅಂಗಡಿಗಳಲ್ಲೂ ಕೇಳಿದೆ. ಹಾಡು ಹಚ್ಚುವ ಡಬ್ಬಿಗಳನ್ನು ತೋರಿಸಿದರು, ಎಫ್ಎಂ ತೋರಿಸಿದರು. ಶಾರ್ಟ್‌ವೇವ್ ಎಂದರೆ ನನ್ನ ಮುಖವನ್ನೇ ನೋಡಿದರು. ಅಕ್ಕನ ಮಗಳು ಇವರ ಫೋನಿಗೆ ಏನೋ ಹಾಕಿಕೊಟ್ಟು, ಜಗತ್ತಿನ ರೇಡಿಯೋ ಎಲ್ಲ ಇದರಲ್ಲೇ ಬರುತ್ತದೆ ಅಂದಳು. ಇವರು ಎರಡು ದಿನ ಕೇಳಿ ಬಿಟ್ಟರು. “ಫೋನಿನ್ಯಾಗ ನಾವು ಹುಡುಕಿದ್ದು ಬರ್ತೈತಿ. ರೇಡಿಯೋದಾಗ ಅದಾಗೇ ಬಂದು ಸಿಗ್ತಿತ್ತು” ಎಂದರು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ನಮ್ಮ ಬೌದ್ಧ ಮನೆತನಗಳವರು ಸೇರಿ ವರ್ಷಕ್ಕೊಮ್ಮೆ ಯಾತ್ರೆ ಹೋಗುವುದುಂಟು. ಈ ಸಲ ಶಿಗ್ಗಾಂವಿಯ ನಿವೃತ್ತ ಮಾಸ್ತರರೊಬ್ಬರು ಮುಂದಾಗಿ ಶ್ರೀಲಂಕಾಕ್ಕೆ ಹೊರಡಿಸಿದರು. ಹನ್ನೊಂದು ಜನ. ಇವರನ್ನೂ ಕರೆದೆ.

“ನೀರು ಯಾರ್ ಬಿಡಾವ್ರು?” ಎಂದರು.

“ಏನ್ ತರ್ಲಿ ನಿಮಗ?”

“ಏನೂ ಬ್ಯಾಡ. ನೀ ಹುಷಾರಾಗಿ ಬಾ.”

ಏನು ತರಬೇಕೆಂದು ನಾನು ಆಗಲೇ ನಿಶ್ಚಯಿಸಿದ್ದೆ. ರೇಡಿಯೋದ ಬಗ್ಗೆ ನನಗೆ ಗೊತ್ತಿದ್ದುದು ಅದನ್ನು ತಿರುಗಿಸಿದರೆ ಸದ್ದಾಗುತ್ತದೆ ಎಂಬುದಷ್ಟೇ.

ಅನುರಾಧಪುರ

ವಿಮಾನ ಏರಿ ಕಿವಿ ಕಟ್ಟಿಕೊಂಡದ್ದು ಬಿಡುವಷ್ಟರಲ್ಲಿ ಕೊಲಂಬೊ ಬಂದಿತ್ತು. ಆಡೂರಿನಿಂದ ಬೆಂಗಳೂರಿಗೆ ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತಿದ್ದೆವು; ಸಮುದ್ರ ದಾಟಲು ಒಂದೂವರೆ ತಾಸು. “ಇದಕ್ಕಿಂತ ಚಿಕ್ಕೇರೂರಿಂದ ದವಾಖಾನಿಗೆ ಹೋಗೂದು ದೂರ ಐತಿ ಬಿಡವಾ” ಎಂದಳು ಯಲ್ಲಕ್ಕ. ಯಲ್ಲಕ್ಕ ಚಿಕ್ಕೇರೂರಿನ ಒಕ್ಕಲಗಿತ್ತಿ, ಯಾತ್ರೆಯುದ್ದಕ್ಕೂ ನನ್ನ ಕೋಣೆಯ ಜೊತೆಗಾತಿ. ಎರಡು ಡಬ್ಬಿ ಒಣಗಿಸಿದ ಕಟಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಹೊತ್ತು ತಂದಿದ್ದಳು. ದಾರಿಯ ಬೋರ್ಡುಗಳನ್ನು ನೋಡಿ ನನಗೆ ಮೊದಮೊದಲು ಬಲು ಖುಷಿಯಾಯಿತು. ಅಕ್ಷರಗಳು ನಮ್ಮವುಗಳಂತೆಯೇ ಗುಂಡಗುಂಡಗೆ. ಓದಲು ಹೋದರೆ ಒಂದೂ ಬಾಯಿಗೆ ಬಾರದು. ಸಂತೆಯಲ್ಲಿ ಪರಿಚಯದವರೆಂದು ಹಿಂದಿನಿಂದ ಕೂಗಿ, ತಿರುಗಿದಾಗ ಬೇರೆ ಯಾರೋ ಆಗಿದ್ದರೆ ಹೇಗಾಗುತ್ತದೆಯೋ ಹಾಗಾಯಿತು.

ಅನುರಾಧಪುರದಲ್ಲಿ ನಾವಿಳಿದುಕೊಂಡದ್ದು ಒಂದು ಸಣ್ಣ ಅತಿಥಿಗೃಹ. ಮೊದಲ ಮುಂಜಾನೆಯೇ ನನ್ನ ಮಾನ ಹೋಯಿತು. ಹಲ್ಲುಜ್ಜುತ್ತಿದ್ದೆ, ಬೀದಿಯಲ್ಲಿ ಗಾಡಿಯೊಂದು ಹಾಡಿನ ಧಾಟಿ ಬಾರಿಸುತ್ತ ಬಂತು. ನಮ್ಮ ಕಡೆ ಹಾಗೆ ಹಾಡು ಹಚ್ಚಿಕೊಂಡು ಬರುವುದು ಕಸದ ಗಾಡಿ. ಕೋಣೆಯ ಕಸದ ಬುಟ್ಟಿ ಎತ್ತಿಕೊಂಡು, “ಏ ನಿಂದರ್ರಿ, ನಿಂದರ್ರೀ” ಎನ್ನುತ್ತ ಓಡಿದೆ. ಗಾಡಿ ನಿಂತಿತು. ಗಾಡಿಯವನು ನಗುತ್ತ ಹಿಂದಿನ ಗಾಜಿನ ಬಾಗಿಲು ತೆರೆದ. ಒಳಗೆ ಸಾಲುಸಾಲು ಬಿಸಿ ಬ್ರೆಡ್ಡು, ಸಕ್ಕರೆ ಹಚ್ಚಿದ ಬನ್ನು. ನಾನು ಬುಟ್ಟಿಯನ್ನು ಬೆನ್ನ ಹಿಂದೆ ಅಡಗಿಸಿದೆ. ಅವನು ಅದನ್ನು ನೋಡಿದ್ದ. ಆದರೂ ಏನೂ ನೋಡದವನಂತೆ, ಕಾಗದದಲ್ಲಿ ಒಂದು ಬನ್ನು ಸುತ್ತಿ ಬಹು ಮರ್ಯಾದೆಯಿಂದ ಕೊಟ್ಟ. ಯಲ್ಲಕ್ಕ ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಮಹಾಬೋಧಿ ಎಂಬ ಅಲ್ಲಿಯ ಅರಳಿ ಮರದ ದರ್ಶನಕ್ಕೆ ಹೋಗುವವರೆಲ್ಲ ಬಿಳಿ ಉಡುತ್ತಾರೆ. ನಾವೂ ಬಿಳಿ ಸೀರೆ ತಂದಿದ್ದೆವು. ಬರಿಗಾಲಿನಲ್ಲಿ ಕಾದ ಮರಳಿನ ಮೇಲೆ ನಡೆಯುವಾಗ ನಾವು ಹೆಂಗಸರು ಎತ್ತೆತ್ತಿ ಕಾಲಿಟ್ಟರೆ, ಅಲ್ಲಿಯವರು ಅಂಗಳದಲ್ಲಿ ನಡೆದಂತೆ ನಡೆಯುತ್ತಿದ್ದರು. ಗದ್ದಲವಿಲ್ಲ, ನೂಕಾಟವಿಲ್ಲ. ಹೂ ಮಾರುವಾಕೆ ತಾವರೆಯ ಮೊಗ್ಗನ್ನು ಕೈಗೆ ಕೊಡುವ ಮೊದಲು ಒಂದೊಂದೇ ಎಸಳನ್ನು ಹಿಂದಕ್ಕೆ ಮಡಚಿ ಅರಳಿಸಿಕೊಟ್ಟಳು. ನನ್ನ ಹೆಸರು ಕೇಳಿದಳು. “ಸುಜಾತಾ” ಎಂದೆ. ಅಷ್ಟಕ್ಕೇ ನನ್ನ ಕೈ ಹಿಡಿದುಕೊಂಡು ಪಕ್ಕದಾಕೆಯನ್ನು ಕರೆದು ಹೇಳಿದಳು. ಅಷ್ಟು ದೂರದವಳಿಗೂ ತಮ್ಮೂರ ಹೆಸರೇ ಇದೆಯೆಂಬ ಸಂತೋಷ. ಮರದ ಕೆಳಗೆ ಕುಳಿತಾಗ ನಾನು ಏನು ಬೇಡಿಕೊಂಡೆನೆಂದು ಬರೆದರೆ ನಗುತ್ತೀರಿ. ಛಲೋ ರೇಡಿಯೋ ಸಿಗಲಿ ಎಂದೇ ಬೇಡಿಕೊಂಡೆ.

ಅಂದೇ ಸಂಜೆ ಸಿಕ್ಕಿತು! ಪೇಟೆಯಲ್ಲಿ ಒಂದು ಕೆಂಪು ರೇಡಿಯೋ. ಹಿಡಿಕೆ ಇದೆ, ಮುಂದೆ ದೀಪವಿದೆ, ಚಾರ್ಜಿಗೆ ಹಾಕಬಹುದು. ತಿರುಗಿಸಿದ ಕೂಡಲೇ ಅಂಗಡಿ ತುಂಬ ಹಾಡು. ಶಾರ್ಟ್‌ವೇವ್ ಇದೆಯೇ ಎಂದರೆ ಅಂಗಡಿಯವನು ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸಿದ. ನಸುಕಿನಲ್ಲಿ ಪಂಪ್‌ಹೌಸಿಗೆ ಹೋಗುವವರಿಗೆ ದೀಪವೂ ಆಯಿತಲ್ಲ ಎಂದು ಹಿಂದೆ ಮುಂದೆ ನೋಡದೆ ತೆಗೆದುಕೊಂಡೆ. ಎರಡು ದಿನ ಅದನ್ನು ಸೀರೆಯಲ್ಲಿ ಸುತ್ತಿ, ದಿನಕ್ಕೆ ನಾಲ್ಕು ಸಲ ಬಿಚ್ಚಿ ನೋಡುತ್ತಿದ್ದೆ.

ಕ್ಯಾಂಡಿ

ಕ್ಯಾಂಡಿಯಲ್ಲಿ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಕಪ್ಪು ಚಹಾದ ಲೋಟದ ಜೊತೆ ಬೆಲ್ಲದ ತುಂಡೊಂದನ್ನು ಕೊಡುತ್ತಾರೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಒಮ್ಮೆ ಕಚ್ಚಬೇಕು, ಒಮ್ಮೆ ಚಹಾ ಗುಟುಕರಿಸಬೇಕು. ನಾನು ಬೆಲ್ಲವನ್ನು ಲೋಟದೊಳಗೆ ಹಾಕಿ ಬೆರಳಿಂದ ಕಲಕಿದೆ. ಚಹಾ ಕೊಟ್ಟಾಕೆ ಸಂಕಟದಿಂದ ನೋಡಿ ಇನ್ನೊಂದು ತುಂಡು ತಂದುಕೊಟ್ಟಳು. ಕಚ್ಚಿ ಕುಡಿದು ನೋಡಿದ ಮೇಲೆ ಅವಳ ಸಂಕಟ ನನಗೆ ಅರ್ಥವಾಯಿತು. ಬಾಯಲ್ಲಿ ಸಿಹಿ ಒಂದು ಕಡೆ, ಒಗರು ಒಂದು ಕಡೆ ನಿಂತು, ಆಮೇಲೆ ಕೂಡಿಕೊಳ್ಳುತ್ತವೆ.

ಕೆರೆಯ ದಂಡೆಯ ಕಟ್ಟೆಯ ಮೇಲೆ ಕುಳಿತು ಇವರಿಗೆ ಫೋನ್ ಹಚ್ಚಿದೆ. ಮಧ್ಯಾಹ್ನ ನಾಲ್ಕರ ಹೊತ್ತು. ಊಟ, ನೀರು, ಎಮ್ಮೆಯ ಸುದ್ದಿ ಎಲ್ಲ ಆದ ಮೇಲೆ, ಖುಷಿ ತಡೆಯಲಾಗದೆ ಒಂದು ಸುಳ್ಳು ಹೇಳಿದೆ.

“ರೀ, ನಮ್ಮ ಯಲ್ಲಕ್ಕ ಒಂದು ರೇಡಿಯೋ ತಗೊಂಡಾಳ. ಭಾರೀ ಛಲೋ ಐತಿ. ದೀಪಾನೂ ಐತಿ.”

ಪಕ್ಕದಲ್ಲಿದ್ದ ಯಲ್ಲಕ್ಕ ನನ್ನನ್ನು ದಿಟ್ಟಿಸಿದಳು.

“ಹೌದೇನು? ಶಾರ್ಟ್‌ವೇವ್ ಐತೇನು ಅದರಾಗ?”

“ಹ್ಯಾಂಗ್ ನೋಡೂದು?”

“ಎಸ್, ಡಬ್ಲ್ಯೂ ಅಂತ ಎರಡಕ್ಷರ ಇರ್ತಾವ ನೋಡು. ಬಟನ್ ಹತ್ತರ.”

ಚೀಲದಿಂದ ತೆಗೆದು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿದೆ. ಎಫ್, ಎಂ ಅಂತ ಇತ್ತು. ಬೇರೇನೂ ಇರಲಿಲ್ಲ.

“ಇಲ್ರೀ.”

“ಹಂಗಾದ್ರ ಅದು ಆ ಊರಿಂದ ಆಚೀಗೆ ಏನೂ ಕೇಳಿಸಂಗಿಲ್ಲ. ಹಾಡಿಗೆ ಸಾಕು ಬಿಡು ಅಕೀಗೆ.” ಮತ್ತೆ ಕೇಳಿದರು, “ಅಕೀಗೆ ದೂರದ್ದು ಕೇಳೂದು ಬೇಕಾಗಿತ್ತೇನು?”

“ಹೌದ್ರಿ. ದೂರದ್ದ ಬೇಕಂತ. ಎಂಥಾದು ತಗೋಬೇಕು, ನೀವೇ ಹೇಳ್ರಿ.”

ಆಮೇಲೆ ಇವರು ಮಾತನಾಡಿದರು ನೋಡಿ! ಮದುವೆಯಾದಾಗಿನಿಂದ ಫೋನಿನಲ್ಲಿ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ.

“ದೊಡ್ಡದು ಬ್ಯಾಡಂತ ಹೇಳು. ಬಟನ್ ಭಾಳ ಇದ್ದದ್ದೂ ಬ್ಯಾಡ. ಅವೆಲ್ಲಾ ರಾತ್ರಿ ಹಗಲು ಅದನ್ನ ಹಿಡ್ಕೊಂಡು ಕುಂದ್ರಾವ್ರಿಗೆ. ಸುಮ್ನ ಕುಂತು ಕೇಳಾವ್ರಿಗೆ ಪುಸ್ತಕದಷ್ಟು ಇದ್ರ ಸಾಕು. ತಿರುಗಿಸೋ ಗುಂಡಿ ಇರಬೇಕು. ಬೆರಳಾಗ ಹಿಡಿದ್ರ ಮೆತ್ತಗ ತಿರುಗಬೇಕು, ಜಾರಬಾರ್ದು. ಒಂದು ಕೂದಲೆಳಿ ತಿರುಗಿಸಿದ್ರ ನಿಲಯ ಹೋಗಿಬಿಡ್ತೈತಿ. ಸೆಲ್ಲು ಪ್ಯಾಟ್ಯಾಗ ಸಿಗೂವಂಥಾವ ಇರ್ಲಿ. ಚಾರ್ಜಿಂಗ್ ಬ್ಯಾಟರಿ ಒಂದಿನ ಹೋದ್ರ ಮತ್ತ ಎಲ್ಲಿ ಹುಡುಕೂದು? ಏರಿಯಲ್ ಉದ್ದ ಇರ್ಲಿ, ಬುಡ ಗಟ್ಟಿ ಇರ್ಲಿ. ಮತ್ತ, ಅಂಗಡ್ಯಾಗ ಹಾಡು ಹಚ್ಚಿ ತೋರಿಸ್ತಾರ. ಹಾಡು ಎಂಥಾ ಡಬ್ಬಿಯೊಳಗೂ ಛಲೋನ ಕೇಳಿಸ್ತೈತಿ. ಮಾತು ಕೇಳಿ ನೋಡು. ಮನಿಶ್ಯಾ ಎದುರಿಗೆ ಕುಂತು ಮಾತಾಡಿದಂಗ ಇರಬೇಕು.”

ಕಾಗದ ಸಿಗದೆ ವಿಮಾನದ ಚೀಟಿಯ ಹಿಂದೆ ಬರೆದುಕೊಳ್ಳುತ್ತಿದ್ದೆ.

“ಭಾಷಾ ತಿಳೀದಿದ್ರ ಏನ್ ಕೇಳ್ತೀರ್ರಿ ನೀವು? ಅಂದ್ರ, ಯಲ್ಲಕ್ಕಗ ಹೇಳಾಕ ಕೇಳಾಕತ್ತೇನಿ.”

“ಭಾಷಾ ತಿಳೀದಿದ್ರೂ, ಇದು ಸುದ್ದಿ, ಇದು ಹವಾಮಾನ, ಇದು ಯಾರೋ ಸತ್ತದ್ದು ಹೇಳಾಕತ್ತಾರ ಅಂತ ಗೊತ್ತಾಕ್ಕೈತಿ. ಎಲ್ಲಾ ಕಡೆ ಹೇಳೂ ಧ್ವನಿ ಒಂದ ಇರ್ತೈತಿ.” ಆಮೇಲೆ ಅದೇ ಉಮೇದಿನಲ್ಲಿ ಒಂದು ಮಾತು ಜಾರಿಬಿಟ್ಟರು. “ನಮ್ಮದರ ಧ್ವನಿ ಹಂಗಿತ್ತು. ಕಡೀಗೂ ಕೆಟ್ಟಿದ್ದಿಲ್ಲ ಅದು. ಸೆಲ್ ತಗದು ಬ್ಯಾಟರಿಗೆ ಹಾಕಿದ್ದೆ ಅಷ್ಟ. ಪಂಪ್‌ಹೌಸಿನ ಹತ್ತರ ಹಾವು ಹೊಂಟಿತ್ತಲ್ಲ, ಆವಾಗ.”

ನಮ್ಮ ಕಡೆ ಬ್ಯಾಟರಿ ಎಂದರೆ ಟಾರ್ಚು. ಟಾರ್ಚಿಗೆ ಸೆಲ್ ಬೇಕಾಗಿ ರೇಡಿಯೋದ್ದು ತೆಗೆದಿದ್ದರು. ನಾನು ಜೀವಂತ ರೇಡಿಯೋವನ್ನು ಸತ್ತಿದೆಯೆಂದು ಕೊಟ್ಟಿದ್ದೆ. ಮೂರು ವರ್ಷ ಈ ಮನುಷ್ಯ ಅದನ್ನು ಹೇಳಿರಲಿಲ್ಲ.

ಅವರಿಗೂ ಬಾಯಿ ಜಾರಿದ್ದು ಗೊತ್ತಾಗಿರಬೇಕು. “ಹೂಂ, ಫೋನ್ ಇಡ್ಲಿ ಮತ್ತ? ಸಂಜೀ ನೀರಿನ ವಾಲ್ವ್ ತಿರುಗಿಸೂ ಹೊತ್ತಾತು” ಎಂದು ಇಟ್ಟುಬಿಟ್ಟರು.

ನಾನು ಕಟ್ಟೆಯ ಮೇಲೆಯೇ ಅತ್ತೆ. ಯಲ್ಲಕ್ಕ ಏನು ಎತ್ತ ಎಂದು ಕೇಳಿ, ಎಲ್ಲ ತಿಳಿದುಕೊಂಡು, ಕೆಂಪು ರೇಡಿಯೋವನ್ನು ನನ್ನ ತೊಡೆಯಿಂದ ಎತ್ತಿಕೊಂಡಳು. “ಸುಳ್ಳು ಹೇಳಿದ್ದು ಖರೇ ಮಾಡಬೇಕಲ್ಲ? ಇದು ನನಗಿರ್ಲಿ. ಕಣ್ಣು ಒರಸ್ಕೋ. ನಿಂದು ಕೊಲಂಬೊದಾಗ ಹುಡುಕೂಣು.”

ಪೆಟ್ಟಾ

ಕೊಲಂಬೊದ ಹಳೆಯ ವ್ಯಾಪಾರದ ಬೀದಿಗಳಿಗೆ ಪೆಟ್ಟಾ ಎನ್ನುತ್ತಾರೆ. ನಾನು ಪ್ಯಾಟಿ ಎಂದರೂ ರಿಕ್ಷಾದವನಿಗೆ ತಿಳಿಯಿತು. ಮಾಸ್ತರರು ಉಳಿದವರನ್ನು ಮ್ಯೂಸಿಯಮ್ಮಿಗೆ ಕರೆದೊಯ್ದರು. ನಮಗಿಬ್ಬರಿಗೆ ಮಧ್ಯಾಹ್ನ ಮೂರರವರೆಗೆ ಬಿಡುವು ಕೊಟ್ಟು, ಮೂರು ಅಂದರೆ ಮೂರು ಎಂದು ಬೆರಳೆತ್ತಿ ಹೇಳಿದರು.

ಒಂದು ಬೀದಿಯಲ್ಲಿ ಬರೀ ಬಟ್ಟೆ, ಒಂದರಲ್ಲಿ ಬರೀ ಗಡಿಯಾರ, ಒಂದರಲ್ಲಿ ಒಣಮೀನು. ಮೂಟೆ ಹೊತ್ತು ಸಾಗಿಸುವವರು ಹಿಂದಿನಿಂದ ಕೂಗುತ್ತ ಬಂದರೆ ಗೋಡೆಗಂಟಿಕೊಳ್ಳಬೇಕು. ಯಲ್ಲಕ್ಕ ಒಂದು ಕೈಯಲ್ಲಿ ನನ್ನ ಸೆರಗು ಹಿಡಿದುಕೊಂಡೇ ನಡೆದಳು. ನಾಲ್ಕು ಅಂಗಡಿ ಆಯಿತು, ನಾಲ್ಕರಲ್ಲೂ ಕೆಂಪು ರೇಡಿಯೋದ ಅಣ್ಣ ತಮ್ಮಂದಿರೇ ಇದ್ದವು. ಐದನೆಯದು ಒಂದು ಕಿರಿದಾದ ಅಂಗಡಿ. ಬಿಳಿ ಟೋಪಿಯ ಮುದುಕರೊಬ್ಬರು ಕನ್ನಡಕವನ್ನು ಹಣೆಗೇರಿಸಿ ಟೇಪ್‌ರೆಕಾರ್ಡರೊಂದನ್ನು ಬಿಚ್ಚಿಕೊಂಡು ಕುಳಿತಿದ್ದರು. ಶಾರ್ಟ್‌ವೇವ್ ಎಂದೊಡನೆ ಸ್ಕ್ರೂಡ್ರೈವರ್ ಕೆಳಗಿಟ್ಟರು.

ನನ್ನ ತವರು ಸವಣೂರು. ಓಣಿಯ ಅರ್ಧ ಮನೆಗಳಲ್ಲಿ ಉರ್ದು ಕೇಳಿಯೇ ಬೆಳೆದವಳು ನಾನು. ಮುದುಕರು ಹದಿನೈದು ವರ್ಷ ಕೊಲ್ಲಿ ದೇಶದಲ್ಲಿ ದುಡಿದು ಹಿಂದಿ ಕಲಿತವರು. ನಮ್ಮಿಬ್ಬರ ಭಾಷೆ ಎಲ್ಲೋ ಮಧ್ಯದಲ್ಲಿ ಕೂಡಿತು.

“ಇದನ್ನು ಈಗ ಯಾರೂ ಕೇಳುವುದಿಲ್ಲ, ತಂಗಿ. ಎಷ್ಟೋ ನಿಲಯ ಮುಚ್ಚಿದರು. ನಿಮಗೇಕೆ?” ಎಂದರು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಇಷ್ಟೆಲ್ಲ ಮಾಡಿ ಒಯ್ದು ಕೊಟ್ಟ ಮೇಲೆ ಅದರಲ್ಲಿ ಕೇಳಲು ಏನೂ ಇರದಿದ್ದರೆ? ಅವರ ಬೇವಿನ ಮರದ ಬುಡದಲ್ಲಿ ಬರೀ ಗಾಳಿಯ ಸದ್ದು ಬಂದರೆ?

“ಏನಾದರೂ ಬರುತ್ತದೆಯೋ ಇಲ್ಲವೋ?” ಎಂದೆ.

“ಬರುತ್ತದೆ. ಮುಂಚಿನಷ್ಟಿಲ್ಲ. ಮುಂಜಾನೆ, ಸಂಜೆ ಬರುತ್ತದೆ.” ಅವರು ನನ್ನ ಮುಖವನ್ನೇ ನೋಡುತ್ತಿದ್ದರು. “ಕೇಳುವವರು ಯಾರು?”

ಯಜಮಾನರು ಎಂದೆ. ಅವರು ಒಂದೊಂದೇ ಪ್ರಶ್ನೆ ಕೇಳತೊಡಗಿದರು. ಕುಳಿತು ಕೇಳುತ್ತಾರೋ, ಮಲಗಿಯೋ? ಮರಕ್ಕೆ ಒರಗಿ. ಅಂಕಿ ನೋಡಿ ಹಿಡಿಯುತ್ತಾರೋ, ಕಿವಿಯಿಂದಲೋ? ಕಣ್ಣು ಮುಚ್ಚಿಕೊಂಡು. ಯಾವ ಕೈ? ಎಡಗೈಯಲ್ಲಿ ರೇಡಿಯೋ, ಬಲಗೈ ಗುಂಡಿಯ ಮೇಲೆ. ಬಲ ಹೆಬ್ಬೆರಳ ತುದಿ ವಾಲ್ವಿನಲ್ಲಿ ಸಿಕ್ಕು ಮೊಂಡಾಗಿದೆ, ಸಣ್ಣ ಬಟನ್ ಒತ್ತಲಾಗದು. ಕಿವಿ? ಎಡಗಿವಿ ಮಂದ. ಕನ್ನಡಕ? ಇದೆ, ಎಲ್ಲಿಟ್ಟಿದ್ದೇನೆಂದು ನನ್ನನ್ನೇ ಕೇಳುತ್ತಾರೆ.

ಹೇಳುತ್ತ ಹೋದಂತೆ ನನಗೇ ಅಚ್ಚರಿಯಾಯಿತು. ರೇಡಿಯೋ ಬಗ್ಗೆ ಏನೂ ಗೊತ್ತಿಲ್ಲವೆಂದುಕೊಂಡಿದ್ದೆ. ನನ್ನಿಂದ ಉತ್ತರ ಬಾರದ ಒಂದು ಪ್ರಶ್ನೆಯನ್ನೂ ಅವರು ಕೇಳಲಿಲ್ಲ.

ಮೂರು ರೇಡಿಯೋಗಳನ್ನು ಮೇಜಿನ ಮೇಲಿಟ್ಟರು. ಒಂದು ದೊಡ್ಡದು, ಫೋನಿನಂತೆ ಅಂಕಿಯ ಬಟನ್‌ಗಳು. ಹೆಬ್ಬೆರಳಿಗೆ ಆಗದೆಂದು ಅದನ್ನು ಅವರೇ ಬದಿಗೆ ಸರಿಸಿದರು. ಇನ್ನೊಂದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ನೋಡಲು ಮುದ್ದಾಗಿತ್ತು. ಅದರ ಧ್ವನಿ ಡಬ್ಬಿಯೊಳಗೆ ಸಿಕ್ಕ ಜೇನುನೊಣದಂತಿತ್ತು. ಮೂರನೆಯದು ಪುಸ್ತಕದಷ್ಟು. ಕಪ್ಪು ಬಣ್ಣ, ಚಂದವೇನಿಲ್ಲ. ಪಕ್ಕದಲ್ಲಿ ಬೆರಳಿಗೆ ಹಿತವಾಗಿ ಸಿಗುವ ಗುಂಡಿ, ಮೇಲೊಂದು ಕೈಪಟ್ಟಿ. ನಮ್ಮ ಅಂಗಡಿಗಳಲ್ಲಿ ಸಿಗುವ ಸೆಲ್ಲೇ ಅದಕ್ಕೆ ಸಾಕು.

“ಮಾತು ಕೇಳಬೇಕು. ಹಾಡು ಬೇಡ” ಎಂದೆ ಚೀಟಿ ನೋಡಿಕೊಂಡು.

ಮುದುಕರು ನಕ್ಕರು. “ಯಜಮಾನರು ತಿಳಿದವರು.” ಅಂಗಡಿಯ ಒಳಗೆ ತಗಡು, ವೈರು, ದೀಪಗಳ ನಡುವೆ ಆ ಮೂರನೆಯದು ಬರಿದೇ ಮೊರೆಯುತ್ತಿತ್ತು. ಅವರು ಅಂಗಡಿಯನ್ನು ಯಲ್ಲಕ್ಕನಿಗೆ ಒಪ್ಪಿಸಿ, ಹಿಂದಿನ ಮೆಟ್ಟಿಲೇರಿಸಿ ನನ್ನನ್ನು ತೆರೆದ ಮಾಳಿಗೆಗೆ ಕರೆದೊಯ್ದರು. ಪರದೇಶದ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯ ಮುಂದೆ ಚಿಕ್ಕೇರೂರಿನ ಯಲ್ಲಕ್ಕ ಗತ್ತಿನಿಂದ ಕುಳಿತಳು.

ಮಾಳಿಗೆಯ ಮೇಲೆ ಏರಿಯಲ್ ಎಳೆದು ಅವರು ಗುಂಡಿ ತಿರುಗಿಸಿದರು. ಹಗಲು ಹೊತ್ತು, ಬಹಳ ನಿಲಯ ಸಿಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಉಸ್ ಉಸ್, ಶಿಳ್ಳೆ, ಮತ್ತೆ ಉಸ್. ಆಮೇಲೆ ಮಂಜಿನೊಳಗಿಂದ ಬಂದಂತೆ ಒಬ್ಬ ಗಂಡಸಿನ ಮಾತು. ಯಾವ ಭಾಷೆಯೋ ತಿಳಿಯದು. “ನೀವು ತಿರುಗಿಸಿ” ಎಂದು ಕೈಗೆ ಕೊಟ್ಟರು. ಒಂದು ಕೂದಲೆಳೆಯಷ್ಟು ತಿರುಗಿಸಿದೆ. ಮಂಜು ಸರಿಯಿತು. ಆತ ನನ್ನೆದುರಿಗೇ ಕುಳಿತು ಹೇಳುತ್ತಿದ್ದ. ಅಂಕಿ ಅಂಕಿಯಾಗಿ, ಊರು ಊರಾಗಿ, ಒಂದೇ ಲಯದಲ್ಲಿ. ಹವಾಮಾನ! ಇವರು ಹೇಳಿದ್ದು ನಿಜವಾಗಿತ್ತು. ನಾನು ಅಲ್ಲೇ, “ಮಳಿ ಹೇಳಾಕತ್ತಾನ, ಮಳಿ ಹೇಳಾಕತ್ತಾನ” ಎಂದು ಕನ್ನಡದಲ್ಲಿ ಕೂಗಿದೆ. ಮುದುಕರು ತಲೆಯಾಡಿಸಿದರು.

ಕೆಳಗೆ ಬಂದಾಗ ಯಲ್ಲಕ್ಕ ಯಾರಿಗೋ ಒಂದು ವೈರು ತೋರಿಸುತ್ತ, “ತಗೋರಿ, ಗಟ್ಟಿ ಐತಿ” ಎನ್ನುತ್ತಿದ್ದಳು. ದುಡ್ಡು ಕೊಟ್ಟು ರೇಡಿಯೋದ ಪೆಟ್ಟಿಗೆ ಹಿಡಿದು ಹೊರಬರುವಷ್ಟರಲ್ಲಿ ಮಾಸ್ತರರ ಮೂರು ಗಂಟೆ ಮೂರೂಮುಕ್ಕಾಲಾಗಿತ್ತು.

ನೆಗೊಂಬೊ

ಕೊನೆಯ ಸಂಜೆ ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದ ಒಂದು ಮನೆಯಲ್ಲಿ ಇಳಿದುಕೊಂಡೆವು. ಕೋಣೆಗೆ ಬಂದವಳೇ ರೇಡಿಯೋ ಹಚ್ಚಿದೆ. ಗುರ್ ಎಂದಿತು. ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿದೆ. ಎಲ್ಲ ಕಡೆ ಒಂದೇ ಗುರ್. ಮಾಳಿಗೆಯ ಮೇಲೆ ಒಂದು ತೋರಿಸಿ ಪೆಟ್ಟಿಗೆಯಲ್ಲಿ ಇನ್ನೊಂದನ್ನು ಇಟ್ಟುಕೊಟ್ಟರೇ ಆ ಮುದುಕರು? ಅಷ್ಟು ಒಳ್ಳೆಯ ಮುಖದವರು? ಮರುದಿನ ಮುಂಜಾನೆಯೇ ವಿಮಾನ. ಮರಳಿ ಪೆಟ್ಟಾಕ್ಕೆ ಹೋಗುವ ಮಾತೇ ಇರಲಿಲ್ಲ. ಯಲ್ಲಕ್ಕ ಎರಡು ಸಲ ಅದನ್ನು ಬಡಿದು ನೋಡಿದಳು. ನಾನು ಕಸಿದುಕೊಂಡೆ.

ಮನೆಯೊಡತಿ ಸುಮನಾ ಎಂಬ ಹೆಂಗಸು ಬಾಗಿಲಿಗೆ ಬಂದಳು. ಊಟದಲ್ಲಿ ಮೀನು ಇರಲೋ ಬೇಡವೋ ಎಂದು ಕೇಳಲು ಬಂದಿದ್ದವಳು ನನ್ನ ಮೋರೆ ನೋಡಿ ಮೀನು ಮರೆತಳು. ಅವಳಿಗೆ ಹಿಂದಿ ಬಾರದು, ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವಳು ರೇಡಿಯೋ ಕಿವಿಗೆ ಹಿಡಿದಳು. ಕೋಣೆಯ ಟ್ಯೂಬ್‌ಲೈಟ್ ಆರಿಸಿದಳು. ಗುರ್ ಸ್ವಲ್ಪ ಕುಗ್ಗಿತು. ಚಾರ್ಜಿಗಿಟ್ಟಿದ್ದ ಯಲ್ಲಕ್ಕನ ಕೆಂಪು ರೇಡಿಯೋವನ್ನು ಕಿತ್ತಳು. ಇನ್ನಷ್ಟು ಕುಗ್ಗಿತು. ಆಮೇಲೆ ನನ್ನ ಮಣಿಕಟ್ಟು ಹಿಡಿದು ಹಿತ್ತಲ ತೆಂಗಿನ ಮರದವರೆಗೆ ನಡೆಸಿಕೊಂಡು ಹೋದಳು. ಮೂವರೂ ಸುತ್ತ ಕುಳಿತೆವು. ತಿರುಗಿಸಿದೆ. ಒಂದರ ಹಿಂದೊಂದು ಜನ ಬಂದರು. ಹಾಡುವವರು, ಓದುವವರು, ವಾದಿಸುವವರು.

ಇವರೇಕೆ ಮೋಟರ್ ಬಿಟ್ಟು ಬೇವಿನ ಮರಕ್ಕೆ ಹೋಗುತ್ತಿದ್ದರೆಂದು ನಾನು ಒಮ್ಮೆಯಾದರೂ ಸರಿಯಾಗಿ ಕೇಳಿಸಿಕೊಂಡಿದ್ದರೆ ಪೆಟ್ಟಾದ ಮುದುಕರನ್ನು ಅರ್ಧ ತಾಸು ಕಳ್ಳನೆಂದು ತಿಳಿಯುತ್ತಿರಲಿಲ್ಲ. ಅವರು ಎಲ್ಲಿದ್ದರೂ ಕ್ಷಮಿಸಲಿ.

ಸುಮನಾ ಮೀನಿನ ವಿಷಯ ಮತ್ತೆ ಕೇಳಲೇ ಇಲ್ಲ. ಯಲ್ಲಕ್ಕನ ಕೊನೆಯ ರೊಟ್ಟಿಗಳನ್ನು ಅವಳೂ ನಮ್ಮೊಂದಿಗೆ ಮರದ ಕೆಳಗೇ ಮುರಿದು ತಿಂದಳು. ಚಟ್ನಿಗೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ.

ಮತ್ತೆ ಆಡೂರು

ಮನೆ ಸೇರಿದ್ದು ಮರುದಿನ ಸಂಜೆ. ಇವರು ಬಸ್ಸಿನ ಹತ್ತಿರವೇ ಬಂದು ನಿಂತಿದ್ದರು. ಚೀಲ ಇಸಿದುಕೊಂಡರು, ಮಾರಿ ಬಣ್ಣ ಇಳಿದೈತಿ ಎಂದರು, ಚಹಾ ಮಾಡಿಕೊಟ್ಟರು. ಹೊತ್ತು ಮುಳುಗುವ ಮುಂಚೆ ಕಟ್ಟೆಯ ಮೇಲೆ ಕುಳಿತಾಗ ಪೆಟ್ಟಿಗೆಯನ್ನು ಅವರ ಕೈಗಿಟ್ಟೆ.

“ಯಲ್ಲಕ್ಕಂದು ನಿನ್ನ ಹತ್ತರ ಯಾಕೈತಿ?” ಎಂದರು.

“ಅಕೀದಲ್ಲರಿ. ನಿಮ್ಮದು.”

ಅವರು ಪೆಟ್ಟಿಗೆಯನ್ನು ಒಡನೆ ತೆರೆಯಲಿಲ್ಲ. ಮೇಲಿನ ಚಿತ್ರ ನೋಡಿದರು, ತಿರುಗಿಸಿ ಕೆಳಗೆ ನೋಡಿದರು. ಕೊನೆಗೆ ತೆಗೆದು ಎಡಗೈಯಲ್ಲಿ ಹಿಡಿದರು. ಬಲಗೈ ತಾನೇ ಗುಂಡಿಯ ಮೇಲೆ ಹೋಗಿ ಕುಳಿತಿತು. ಕಣ್ಣು ಮುಚ್ಚಿ ತಿರುಗಿಸಿದರು. ಒಂದು ಕಡೆ ತಡೆದರು, ಬರೀ ಉಸ್. “ಇಲ್ಲೊಬ್ರು ಇರ್ತಿದ್ರು. ಹ್ವಾದ್ರು ಕಾಣ್ತೈತಿ” ಎಂದರು, ಓಣಿಯಲ್ಲಿ ಮನೆ ಖಾಲಿ ಮಾಡಿ ಹೋದವರ ಬಗ್ಗೆ ಹೇಳಿದಂತೆ. ಇನ್ನೊಂದು ಕಡೆಯೂ ಹಾಗೇ. ಮೂರನೆಯ ಕಡೆ ಹಿಂದಿಯಲ್ಲಿ ಮಾತನಾಡುವ ಹೆಣ್ಣುದನಿ ಬಂತು. ಇವರ ಹುಬ್ಬು ಮೇಲೇರಿತು. “ಇಲ್ಲೇ ಅದಾಳಲ್ಲ!”

ಹಿಂದೆ ಚೀನಾದ ಮಳೆ ಹೇಳುತ್ತಿದ್ದವಳೇ ಇವಳೋ, ಬೇರೆ ಯಾರೋ, ನನಗೆ ತಿಳಿಯದು. ಅವರು ಎದುರು ಮನೆಯ ಮಗಳು ತವರಿಗೆ ಬಂದಷ್ಟು ಸಂತೋಷದಿಂದ ಕೇಳಿದರು.

ನಾನು ತಡೆಯಲಾರದೆ ಕೇಳಿಯೇಬಿಟ್ಟೆ. “ಅದು ಕೆಟ್ಟಿದ್ದಿಲ್ಲಂತ ಆವತ್ತ ಯಾಕ ಹೇಳ್ಲಿಲ್ರಿ?”

“ಹೇಳಿದ್ರ ನೀ ಅಳತಿದ್ದಿ” ಎಂದರು ಕಣ್ಣು ತೆರೆಯದೆ. “ರೇಡಿಯೋನೂ ಇಲ್ಲ, ನೀನೂ ಅಳಾಕತ್ರ ನಾ ಏನ್ ಮಾಡ್ಲಿ?”

“ತಪ್ಪಾ‌ತ್ರಿ ನಂದು.”

“ಆತು ಬಿಡು. ಧ್ವನಿ ಛಲೋ ಐತಿ. ಯಾರ್ ಆರಿಸಿ ಕೊಟ್ರು?”

“ನಾನೇ ಆರಿಸಿದೆ.”

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಸ್ವಿಚ್ಚಿನ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು. ಟಕ್ ಎಂದು ರೇಡಿಯೋ ಆರಿತು.

“ಯಾಕ್ರಿ? ಇರ್ಲಿ, ಹಚ್ರಿ.”

“ಅಕಿ ನಾಳೆನೂ ಮಾತಾಡ್ತಾಳ” ಎಂದರು. ರೇಡಿಯೋವನ್ನು ಪಕ್ಕಕ್ಕಿಟ್ಟು, ಛಲೋ ಕಿವಿ ನನ್ನ ಕಡೆಗೆ ಬರುವಂತೆ ಕಟ್ಟೆಯ ಮೇಲೆ ತಿರುಗಿ ಕುಳಿತರು. “ನೀ ಹೇಳು. ಹೋಗಿ ಬಂದಾಕಿ ನೀನು.”

ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ.

“ಸಮುದ್ರ ನೋಡಿದೆ” ಎಂದೆ.

“ಯಾವ ಬಣ್ಣ?” ಎಂದು ಕೇಳಿದರು.